ಹಸುವಿನ ಆರೈಕೆ ಮಾಡುವ ತಾಯಿಯ ಆರೈಕೆ



ಹಸು ಒಂದು ಹೊತ್ತು ಮೇವು ಬಿಟ್ಟರೆ ಮನೆಮಂದಿಯೆಲ್ಲ ಕೊಟ್ಟಿಗೆಯಲ್ಲಿ ಸೇರುತ್ತೇವೆ. ಕಿವಿ ಮುಟ್ಟಿ ನೋಡುತ್ತೇವೆ, ಡಾಕ್ಟರರಿಗೆ ಹೇಳಿ ಕಳುಹಿಸುತ್ತೇವೆ. ಅದೇ ಹಸುವಿನ ಹಾಲು ಕರೆಯುವ ತಾಯಿ ಒಂದು ಹೊತ್ತು ಊಟ ಬಿಟ್ಟರೆ ಗಮನಿಸುವವರು ಕಡಿಮೆ. ಅವರೂ ಹೇಳಿಕೊಳ್ಳುವುದಿಲ್ಲ. ಯಾರನ್ನೂ ದೂರಲು ಈ ಮಾತು ಹೇಳುತ್ತಿಲ್ಲ. ಪಶು ಆಹಾರ, ಕೆಚ್ಚಲು ಬಾವು, ಬೆದೆಯ ಲಕ್ಷಣಗಳ ಬಗ್ಗೆ ಎಷ್ಟೋ ಪಾಠಗಳಾಗಿವೆ. ಈ ಬಾರಿಯ ಪಾಠ ಆ ತಾಯಿಯ ಬಗ್ಗೆ.

ಕೆಲವು ವರ್ಷಗಳ ಹಿಂದೆ ಒಂದು ಊರಿನ ಸಂಘದಲ್ಲಿ ಶುದ್ಧ ಹಾಲು ಉತ್ಪಾದನೆಯ ತರಬೇತಿ ನಡೆಸುತ್ತಿದ್ದೆ. ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕೂತಿದ್ದ ಒಬ್ಬ ಸದಸ್ಯೆ ತರಗತಿ ಮುಗಿದ ಮೇಲೆ ಹತ್ತಿರ ಬಂದು, "ಮೇಡಂ, ಮೂರು ತಿಂಗಳಿಂದ ಸಂಜೆ ಆಯ್ತು ಅಂದ್ರೆ ಮೈ ಬೆಚ್ಚಗಾಗ್ತದೆ, ರಾತ್ರಿ ಬೆವರು, ಸೊಂಟ ಹಿಡ್ಕೊಂಡ್ಬಿಡ್ತದೆ. ಸುಸ್ತಿಗೆ ಯಾವ ಟಾನಿಕ್ಕು ಒಳ್ಳೇದು?" ಎಂದು ಕೇಳಿದರು. ಮನೆಯಲ್ಲಿ ಯಾವುದಾದರೂ ಹಸು ಕಂದು ಹಾಕಿತ್ತೇ ಎಂದು ಕೇಳಿದೆ. ಯುಗಾದಿಯ ಹೊತ್ತಿಗೆ ಏಳು ತಿಂಗಳ ಗಬ್ಬದ ಹಸು ಕಂದು ಹಾಕಿತ್ತು. ಮಾಸು ಬೀಳದೆ ಇದ್ದಾಗ ಇವರೇ ಬರಿಗೈಯಲ್ಲಿ ಎಳೆದು ತೆಗೆದಿದ್ದರು. ಆಸ್ಪತ್ರೆಯಲ್ಲಿ ಈ ಸಂಗತಿಯನ್ನು ಮರೆಯದೆ ಹೇಳಿ, ರಕ್ತ ಪರೀಕ್ಷೆ ಮಾಡಿಸಿ ಎಂದು ಹೇಳಿ ಕಳುಹಿಸಿದೆ. ಬಂದದ್ದು ಬ್ರುಸೆಲ್ಲೋಸಿಸ್, ಅಂದರೆ ಹಸುಗಳಲ್ಲಿ ಕಂದು ಹಾಕಿಸುವ ಅದೇ ರೋಗ. ಆರು ವಾರ ಬಿಡದೆ ಮಾತ್ರೆ ನುಂಗಿದ ಮೇಲೆ ವಾಸಿಯಾಯಿತು.

ಆ ಮೂರು ತಿಂಗಳೂ ಅವರು ಎರಡು ಹೊತ್ತು ಹಾಲು ಕರೆದಿದ್ದರು, ಹುಲ್ಲಿನ ಹೊರೆ ಹೊತ್ತಿದ್ದರು, ಅಡುಗೆ ಮಾಡಿದ್ದರು. "ಕೆಲಸ ಜಾಸ್ತಿ, ಅದಕ್ಕೇ ಸುಸ್ತು" ಎಂದು ಮನೆಯವರೂ ಅಂದುಕೊಂಡಿದ್ದರು, ಅವರೂ ಅಂದುಕೊಂಡಿದ್ದರು. ಕೆಲಸಕ್ಕೆ ಮಿತಿಯೇ ಇಲ್ಲದ ಮನೆಯಲ್ಲಿ ಕಾಯಿಲೆ ಸುಸ್ತಿನ ವೇಷ ಹಾಕಿಕೊಂಡು ಬಂದರೆ ಗುರುತು ಹಿಡಿಯುವುದು ಕಷ್ಟ.

ಹಾಗಾದರೆ ಕೆಲಸ ಎಷ್ಟು? ಎರಡು ಮಿಶ್ರತಳಿ ಹಸುಗಳಿರುವ ಒಂದು ಮನೆಯಲ್ಲಿ ನಾವು ಕೂತು ಬರೆದ ಲೆಕ್ಕ ಇದು. ಸಗಣಿ ಬಾಚಿ ಕೊಟ್ಟಿಗೆ ತೊಳೆಯಲು ಎರಡೂ ಹೊತ್ತು ಸೇರಿ 75 ನಿಮಿಷ. ಹಾಲು ಕರೆಯಲು ಒಂದು ಗಂಟೆ. ಹುಲ್ಲು ಕೊಯ್ದು ತರಲು ಒಂದೂವರೆ ಗಂಟೆ. ನೀರು ಸೇದಿ ಕುಡಿಸಲು 45 ನಿಮಿಷ, ಮೇವು ಕತ್ತರಿಸಿ ಹಿಂಡಿ ಬೂಸಾ ಕಲಸಿ ಹಾಕಲು 45 ನಿಮಿಷ, ಡೇರಿಗೆ ಹೋಗಿ ಬರಲು 40 ನಿಮಿಷ. ಒಟ್ಟು 5 ಗಂಟೆ 55 ನಿಮಿಷ. ಅಡುಗೆ, ಪಾತ್ರೆ, ಬಟ್ಟೆ, ಮಕ್ಕಳು ಇದರಲ್ಲಿ ಬಂದಿಲ್ಲ. 2019ರಲ್ಲಿ ಕೇಂದ್ರ ಸರ್ಕಾರ ದೇಶದಾದ್ಯಂತ ನಡೆಸಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ. ಗಂಡಸರು 97 ನಿಮಿಷ. ಎರಡನ್ನೂ ಕೂಡಿದರೆ ಹೆಂಗಸಿನ ದುಡಿಮೆ ಹತ್ತಿರ ಹತ್ತಿರ ಹನ್ನೊಂದು ಗಂಟೆ. ಆ ಮನೆಯ ಯಜಮಾನರು ಕಾಗದವನ್ನು ಎರಡು ಸಲ ಓದಿ, "ಇಷ್ಟೊಂದಾ?" ಎಂದರು. ಅವರ ತಾಯಿ ಒಳಗಿನಿಂದಲೇ, "ನಮ್ಮ ಕಾಲದಲ್ಲಿ ಬರೆಯೋರು ಇರ್ಲಿಲ್ಲ ಅಷ್ಟೆ" ಎಂದರು.

ನಿಮ್ಮ ಮನೆಯಲ್ಲೂ ಇಂಥ ಲೆಕ್ಕ ಬರೆಯಿರಿ. ಓದುವ ಮಕ್ಕಳ ಕೈಲಿ ಬರೆಸಿದರೆ ಇನ್ನೂ ಒಳ್ಳೆಯದು, ಅವರು ಯಾರ ಪರವೂ ವಹಿಸುವುದಿಲ್ಲ.

ಮೊದಲು ನೀರಿನ ಕೆಲಸವನ್ನೇ ಹಿಡಿಯಿರಿ. ಹಾಲು ಕೊಡುವ ಮಿಶ್ರತಳಿ ಹಸುವಿಗೆ ಕುಡಿಯಲು ದಿನಕ್ಕೆ ಸುಮಾರು 60 ಲೀಟರ್ ನೀರು ಬೇಕು, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಎರಡು ಹಸುಗಳಿಗೆ 120 ಲೀಟರ್ ಎಂದರೆ 15 ಲೀಟರಿನ ಎಂಟು ಕೊಡ. ಕೊಟ್ಟಿಗೆಯ ಪಕ್ಕದಲ್ಲೇ ಒಂದು ತೊಟ್ಟಿ ಕಟ್ಟಿ ನಲ್ಲಿಯಿಂದಲೋ ಬೋರ್‌ವೆಲ್ಲಿನಿಂದಲೋ ಒಂದು ಪೈಪು ಎಳೆದರೆ ಸೊಂಟಕ್ಕೆ ಬಿಡುವು ಸಿಗುತ್ತದೆ. ಹಸುವೂ ಬೇಕೆಂದಾಗ ಕುಡಿಯುತ್ತದೆ. ಹಾಲಿನಲ್ಲಿ ನೂರಕ್ಕೆ 87 ಭಾಗ ನೀರೇ ಇರುವುದರಿಂದ ಬಾಯಾರಿದ ಹಸು ಹಾಲು ಕಡಿಮೆ ಮಾಡುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಜಾಗವಿದ್ದವರು ಇನ್ನೊಂದು ಹೆಜ್ಜೆ ಮುಂದೆ ಹೋಗಬಹುದು. ಮರದ ನೆರಳಿರುವ ಕಡೆ ಬೇಲಿ ಹಾಕಿ, ಗೋದಲಿ ಮತ್ತು ತೊಟ್ಟಿ ಇಟ್ಟು, ಕರೆಯುವ ಹೊತ್ತು ಬಿಟ್ಟು ಉಳಿದ ಹೊತ್ತು ಹಸುಗಳನ್ನು ಹಗ್ಗ ಬಿಚ್ಚಿ ಬಿಡುವುದು. ಬಿಸಿಲಿಗೆ ಕಟ್ಟುವುದು, ನೆರಳಿಗೆ ಕಟ್ಟುವುದು, ದಿನಕ್ಕೆ ಎರಡು ಸಲ ಮೈ ಕೆಳಗಿನ ಸಗಣಿ ಬಾಚುವುದು, ಇವೆಲ್ಲ ಕಡಿಮೆಯಾಗುತ್ತವೆ. ಬೆದೆಯೂ ಸುಲಭವಾಗಿ ಕಣ್ಣಿಗೆ ಬೀಳುತ್ತದೆ. ಹಸುವಿಗೆ ಹಿತವಾದದ್ದೇ ಹೆಂಗಸಿಗೂ ಹಿತವಾಗುವ ಇಂಥ ಉಪಾಯಗಳು ಅಪರೂಪ. ಇದನ್ನು ಬಿಡಬಾರದು ಎಂಬುದು ನನ್ನ ಅಭಿಪ್ರಾಯ.

ನೇಪಿಯರ್ ಹುಲ್ಲನ್ನು ದೂರದ ಹೊಲದ ಬದುವಿನಲ್ಲಿ ಹಾಕಿ ತಲೆಯ ಮೇಲೆ ಹೊತ್ತು ತರುವುದಕ್ಕಿಂತ, ಬಚ್ಚಲ ನೀರು ಮತ್ತು ಕೊಟ್ಟಿಗೆಯ ನೀರು ಹರಿಯುವ ಹಿತ್ತಲಲ್ಲೇ ಒಂದಿಷ್ಟು ಬೆಳೆಯಿರಿ. ಹೊಲದಿಂದ ತರುವುದಿದ್ದರೆ ಸೈಕಲ್ಲೋ ಬೈಕೋ ಇರುವವರು ತರಲಿ. ಮೇವು ಕತ್ತರಿಸುವ ಯಂತ್ರದ ಹತ್ತಿರ ಸೀರೆಯ ಸೆರಗು, ಜಡೆ, ಕೈಬಳೆಗಳ ಬಗ್ಗೆ ಎಚ್ಚರ.

ಹಾಲು ಕರೆಯುವಾಗ ಹೆಬ್ಬೆರಳು ಮಡಚಿ ಒತ್ತುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಅದರಿಂದ ಮೊಲೆತೊಟ್ಟಿಗೂ ಪೆಟ್ಟು, ಹೆಬ್ಬೆರಳಿನ ಗೆಣ್ಣಿಗೂ ನೋವು. ತೊಟ್ಟನ್ನು ಪೂರ್ತಿ ಅಂಗೈಯಲ್ಲಿ ಹಿಡಿದು ಮುಷ್ಟಿ ವಿಧಾನದಲ್ಲಿ ಕರೆಯಿರಿ. ಕುಕ್ಕುರುಗಾಲಲ್ಲಿ ಕೂರುವ ಬದಲು ಒಂದು ಚಿಕ್ಕ ಮಣೆ ಇಟ್ಟುಕೊಳ್ಳಿ.

ಇನ್ನು ಕಂದು ಹಾಕುವ ರೋಗದ ವಿಷಯ. ಕಂದು ಹಾಕಿದ ಹಸುವಿನ ಮಾಸು, ಸತ್ತ ಕರು, ಸ್ರಾವಗಳಲ್ಲಿ ಈ ರೋಗಾಣು ಹೇರಳವಾಗಿರುತ್ತದೆ. ಕೈಯಲ್ಲಿ ಸಣ್ಣ ಗಾಯವಿದ್ದರೂ ಸಾಕು, ಒಳಗೆ ಸೇರುತ್ತದೆ. ಹಸಿ ಹಾಲಿನಿಂದಲೂ ಬರುತ್ತದೆ. ಆದ್ದರಿಂದ ಬರಿಗೈಯಲ್ಲಿ ಮುಟ್ಟುವುದು ಬೇಡ, ಕೈಗವಸು ಇಲ್ಲದೆ ಹೆರಿಗೆ ಮಾಡಿಸುವುದು ಬೇಡ. ಮಾಸು ಬೀಳದಿದ್ದರೆ ಪಶುವೈದ್ಯರನ್ನು ಕರೆಸಿ. ಬಸುರಿ ಹೆಂಗಸರು ಆ ಕಡೆ ಹೋಗಲೇ ಬಾರದು. ಆ ಕೆಲಸವನ್ನು ಮನೆಯ ಗಂಡಸರು ಕೈಗವಸು ಹಾಕಿಕೊಂಡು ಮಾಡಲಿ. ಮಾಸನ್ನು ಹುಲ್ಲಿನಲ್ಲಿ ಸುತ್ತಿ ಆಲದ ಮರಕ್ಕೆ ಕಟ್ಟುವ ಪದ್ಧತಿ ಕೆಲವು ಊರುಗಳಲ್ಲಿದೆ. ನಂಬಿಕೆಗೆ ಅಡ್ಡ ಬರುವ ಉದ್ದೇಶ ನನಗಿಲ್ಲ, ಆದರೆ ಕಂದು ಹಾಕಿದ ಹಸುವಿನ ಮಾಸನ್ನು ಮಾತ್ರ ಆಳವಾಗಿ ಗುಂಡಿ ತೆಗೆದು ಸುಣ್ಣ ಹಾಕಿ ಹೂಳಲೇಬೇಕು, ನಾಯಿಗೆ ಸಿಗಬಾರದು. ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳ ವಯಸ್ಸಿನಲ್ಲಿ ಲಸಿಕೆ ಹಾಕಿಸಬೇಕು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ಕಾಲುಬಾಯಿ ಜ್ವರದ ಜೊತೆಗೆ ಈ ರೋಗವನ್ನೂ ಸೇರಿಸಲಾಗಿದೆ. ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿ ಬೆವರು, ಕೀಲು ಮತ್ತು ಸೊಂಟ ನೋವು ಎರಡು ವಾರ ಮೀರಿದರೆ ವೈದ್ಯರಲ್ಲಿಗೆ ಹೋಗಿ. "ನಮ್ಮ ಮನೇಲಿ ದನ ಇದೆ" ಎಂಬ ಮಾತನ್ನು ಅಲ್ಲಿ ತಪ್ಪದೆ ಹೇಳಿ. ಮಾತ್ರೆಯನ್ನು ಅರ್ಧಕ್ಕೆ ಬಿಟ್ಟರೆ ರೋಗ ಮರುಕಳಿಸುತ್ತದೆ.

ಸುಸ್ತಿಗೆ ಇನ್ನೊಂದು ಕಾರಣ ರಕ್ತಹೀನತೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ನಮ್ಮ ರಾಜ್ಯದ 15ರಿಂದ 49 ವರ್ಷದ ಮಹಿಳೆಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಇದು ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತ ಪರೀಕ್ಷೆ ಮಾಡಿಸಿ. ಕಬ್ಬಿಣಾಂಶದ ಮಾತ್ರೆಯನ್ನು ಕಾಫಿ, ಟೀ, ಹಾಲಿನ ಜೊತೆ ನುಂಗಬೇಡಿ, ಮೈಗೆ ಹತ್ತುವುದಿಲ್ಲ. ನಿಂಬೆ ಹಣ್ಣಿನ ಪಾನಕದ ಜೊತೆ ಆಗಬಹುದು. ನುಗ್ಗೆ ಸೊಪ್ಪು, ಹುರುಳಿ ಕಾಳು ಊಟದಲ್ಲಿರಲಿ. ಇದ್ದಬದ್ದ ಹಾಲನ್ನೆಲ್ಲ ಕ್ಯಾನಿಗೆ ಸುರಿಯುವ ಮನೆಗಳಿವೆ. ಲೀಟರಿನ ಲೆಕ್ಕ ನಮಗೂ ಬೇಕು, ಆದರೂ ಹೇಳುತ್ತೇನೆ: ಕರೆದವರಿಗೆ ದಿನಕ್ಕೊಂದು ಲೋಟ ಹಾಲು ಮನೆಯಲ್ಲಿ ಉಳಿಯಲಿ. ಕಾಯಿಸಿಯೇ ಕುಡಿಯಿರಿ.

ಹಾಲಿನ ಬಟವಾಡೆ ಯಾರ ಕೈಗೆ ಬರುತ್ತದೆ ಎಂಬುದಕ್ಕೂ ಆರೋಗ್ಯಕ್ಕೂ ಸಂಬಂಧವಿದೆ. ಆಸ್ಪತ್ರೆಗೆ ಹೋಗಲು ಬಸ್ಸಿನ ದುಡ್ಡು ಕೇಳಬೇಕಾದವರು ಹೋಗುವುದನ್ನೇ ಮುಂದೂಡುತ್ತಾರೆ. ಕೇಂದ್ರ ಸರ್ಕಾರ 1986–87ರಲ್ಲಿ ಆರಂಭಿಸಿದ ಸ್ಟೆಪ್ ಯೋಜನೆಯ ನೆರವಿನಿಂದ ನಮ್ಮ ರಾಜ್ಯದಲ್ಲಿ ಮಹಿಳಾ ಹಾಲು ಉತ್ಪಾದಕರ ಸಂಘಗಳು ಹುಟ್ಟಿದ್ದರ ಹಿಂದೆ ಇದೂ ಒಂದು ಆಲೋಚನೆ. ಸಾಮಾನ್ಯ ಸಂಘಗಳಲ್ಲೂ ಹಾಲು ಕರೆಯುವವರ ಹೆಸರಿನಲ್ಲೇ ಸದಸ್ಯತ್ವವಿದ್ದು, ಅವರ ಖಾತೆಗೇ ಹಣ ಜಮೆಯಾಗುವಂತೆ ಕಾರ್ಯದರ್ಶಿಯವರನ್ನು ಕೇಳಿ.

ಲೆಕ್ಕ ಬರೆದ ಆ ಮನೆಗೆ ಮುಂದಿನ ವರ್ಷ ಮತ್ತೆ ಹೋಗಿದ್ದೆ. ತೊಟ್ಟಿ ಬಂದಿತ್ತು. ಸಂಜೆಯ ಸಗಣಿ, ಡೇರಿಯ ಓಡಾಟ ಯಜಮಾನರ ಪಾಲಿಗೆ ಬಂದಿದ್ದವು. ಹುಲ್ಲಿನ ಕೆಲಸ ಮಾತ್ರ ಇನ್ನೂ ಹೆಂಡತಿಯದೇ. ನಾನು ಹೋದಾಗ ಮಧ್ಯಾಹ್ನ ಎರಡೂವರೆ. "ಸೊಸೆ ಮಲಗವ್ಳೆ, ಎಬ್ಬಿಸ್ಬೇಡಿ, ನೀವು ಕೂತ್ಕೊಳ್ಳಿ" ಎಂದು ಅತ್ತೆ ಮಜ್ಜಿಗೆ ತಂದುಕೊಟ್ಟರು.