ಮಿಸ್ತ್ರಿ ಮಾಲೀಕನಾದಾಗ

ಅಥಣಿ, ರಾಯಬಾಗ ಕಡೆ ಕಬ್ಬಿನ ಬಿಲ್ ಕೈಗೆ ಬಂದ ಮೇಲೆಯೇ ಮನೆ ರಿಪೇರಿಗೆ ಕಳೆ. ವೈರಿಂಗ್ ಮಿಸ್ತ್ರಿಗೆ ಒಂದೇ ದಿನ ನಾಲ್ಕು ಊರಿನಿಂದ ಫೋನ್ ಬರುತ್ತದೆ. ಎರಡು ಕಡೆ ತಾನೇ ಹೋಗುತ್ತಾನೆ, ಉಳಿದೆಡೆ ಹುಡುಗರನ್ನು ಕಳಿಸುತ್ತಾನೆ. ಕಾನೂನಿನ ಲೆಕ್ಕದಲ್ಲಿ ಅವನು ಮಾಲೀಕನಾಗುವುದು ಅಲ್ಲಿಂದಲೇ. ಅಂಗಡಿ, ಬೋರ್ಡು, ವಿಸಿಟಿಂಗ್ ಕಾರ್ಡು ಆಮೇಲಿನ ಮಾತು.

ಕಳಿಸಿದ ಹುಡುಗ ನೀರಿನ ಟಾಕಿ ಮೇಲಿಂದ ಜಾರಿ ಬಿದ್ದರೆ? ‘ಅವನು ದಿನಗೂಲಿ, ನನ್ನ ಪಗಾರದ ಆಳಲ್ಲ’ ಎಂಬ ಮಾತು ನಡೆಯುವುದಿಲ್ಲ. ನಿಮ್ಮ ಧಂದೆಯ ಕೆಲಸಕ್ಕೆ ಹೋಗಿ ಗಾಯಗೊಂಡವನಿಗೆ ಪರಿಹಾರ ಕೊಡುವ ಹೊಣೆ ನಿಮ್ಮದು. 1923ರ ಕಾಯ್ದೆಯಲ್ಲಿದ್ದ ಈ ಹೊಣೆ 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಉಳಿದಿದೆ. ಸಾವು ಸಂಭವಿಸಿದರೆ ತಿಂಗಳ ಪಗಾರದ ಅರ್ಧವನ್ನು ವಯಸ್ಸಿಗೆ ತಕ್ಕ ಅಂಕಿಯಿಂದ ಗುಣಿಸುತ್ತಾರೆ. 25 ವರ್ಷದವನಿಗೆ ಆ ಅಂಕಿ 216.91. ಪಗಾರ 15,000 ರೂಪಾಯಿ ಎಂದು ಹಿಡಿದರೂ ಪರಿಹಾರ 16 ಲಕ್ಷ ದಾಟುತ್ತದೆ. ಇಷ್ಟು ವರ್ಷ ದುಡಿದು ಕಟ್ಟಿದ್ದೆಲ್ಲ ಒಂದೇ ಏಟಿಗೆ ಹೋಗುವ ಮೊತ್ತವಿದು. ಆದ್ದರಿಂದ ಮೊದಲ ಖರ್ಚು ಡ್ರಿಲ್ ಮಷೀನಿಗಲ್ಲ, ಕೆಲಸಗಾರರ ಪರಿಹಾರದ ವಿಮಾ ಪಾಲಿಸಿಗೆ ಆಗಲಿ. ವಾಡಿಕೆಯಲ್ಲಿ ‘ಲೇಬರ್ ಕಾರ್ಡ್’ ಎನ್ನುವ ಕಟ್ಟಡ ಕಾರ್ಮಿಕರ ನೋಂದಣಿಯನ್ನು ಹುಡುಗರಿಗೆ ಮಾಡಿಸುವುದೂ ಒಳ್ಳೆಯದು. ವಯಸ್ಸು 18ರಿಂದ 60ರೊಳಗಿದ್ದು, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಆದರೆ ಕಾರ್ಡ್ ಇದೆಯೆಂದು ನಿಮ್ಮ ಹೊಣೆ ತಪ್ಪುವುದಿಲ್ಲ. ಇನ್ನು ಸೂಟಿಯಲ್ಲಿ ಅಳಿಯನೋ ಪಕ್ಕದ ಮನೆಯವನೋ ‘ಕೆಲಸ ಕಲಿಯಲಿ’ ಎಂದು ಕರೆದೊಯ್ಯುವ ರೂಢಿಯಿದೆಯಲ್ಲ, ಅಲ್ಲೂ ಎಚ್ಚರ ಬೇಕು. 14 ತುಂಬದವರನ್ನು ಕೂಲಿಗೆ ಇಟ್ಟುಕೊಳ್ಳುವಂತೆಯೇ ಇಲ್ಲ. 18 ತುಂಬದವರಿಗೆ ಅಪಾಯದ ಕೆಲಸ ಕೊಡುವಂತಿಲ್ಲ.

ವಿದ್ಯುತ್ ಕೆಲಸಕ್ಕೆ ಬೇರೆಯೇ ಷರತ್ತಿದೆ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚು ಬದಲಿಸಲು ಪರವಾನಗಿ ಬೇಡ. ಹೊಸ ವೈರಿಂಗ್, ಇದ್ದುದರ ವಿಸ್ತರಣೆ, ದೊಡ್ಡ ರಿಪೇರಿ ಎಂದರೆ ಸರ್ಕಾರದ ಪರವಾನಗಿ ಪಡೆದ ಗುತ್ತಿಗೆದಾರ, ಅರ್ಹತಾ ಪತ್ರವಿರುವ ಮೇಲ್ವಿಚಾರಕ, ಪರ್ಮಿಟ್ ಇರುವ ವೈರ್‌ಮನ್ ಬೇಕು. ಬೇರೆಯವರ ಲೈಸೆನ್ಸ್ ನಂಬರ್ ಹಾಕಿ ಸಹಿ ತರುವ ಪದ್ಧತಿ ಎಷ್ಟು ಹಳೆಯದಾದರೂ, ಶಾರ್ಟ್ ಸರ್ಕ್ಯೂಟ್ ಆದ ದಿನ ಅದು ಇಬ್ಬರ ಕೊರಳಿಗೂ ಬೀಳುತ್ತದೆ.

ಗಡಿ ತಾಲೂಕಿನವರಿಗೆ ಹೆಚ್ಚು ಗೊಂದಲವಿರುವುದು ಜಿಎಸ್‌ಟಿಯಲ್ಲಿ. ಕಾಗವಾಡಕ್ಕೆ ಮಿರಜ್, ನಿಪ್ಪಾಣಿಗೆ ಕಾಗಲ್ ಹತ್ತಿರ. ಅಲ್ಲಿಗೆ ಕೆಲಸಕ್ಕೆ ಹೋದರೆ ನೋಂದಣಿ ಬೇಕೇ ಬೇಕು ಎಂದು ಹೆದರಿಸುವವರಿದ್ದಾರೆ. ಅದು ಅರ್ಧ ಸತ್ಯ. ಮನೆಗೆ ಸಂಬಂಧಿಸಿದ ಸೇವೆಗೆ ಮನೆ ಇರುವ ರಾಜ್ಯವೇ ಲೆಕ್ಕ, ಹಾಗಾಗಿ ಮಿರಜಿನ ಕೆಲಸ ಅಂತರರಾಜ್ಯ ಸೇವೆಯೇ ಸರಿ. ಆದರೂ ವರ್ಷದ ಒಟ್ಟು ವಹಿವಾಟು 20 ಲಕ್ಷ ರೂಪಾಯಿ ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ ಎಂದು 2017ರ ಅಕ್ಟೋಬರ್ 13ರ ಅಧಿಸೂಚನೆ ಹೇಳುತ್ತದೆ. ಈ ರಿಯಾಯಿತಿ ಸೇವೆಗೆ ಮಾತ್ರ. ಪಂಪು, ಮೋಟಾರು ಮಾರಿ ಗಡಿಯಾಚೆ ಕಳಿಸಿಕೊಟ್ಟರೆ ಮೊದಲ ಬಿಲ್ಲಿಗೇ ನೋಂದಣಿ ಬೇಕು.

ಇಪ್ಪತ್ತು ಲಕ್ಷ ಎಂದರೆ ಲಾಭವಲ್ಲ, ವಹಿವಾಟು. ನೀವೇ ಪೈಪು, ವೈರು ತಂದು ಬಿಲ್ಲಿಗೆ ಸೇರಿಸಿದರೆ ಅದೂ ಲೆಕ್ಕಕ್ಕೆ ಬರುತ್ತದೆ. ಸಾಮಾನನ್ನು ಗಿರಾಕಿಯೇ ತಂದರೆ ಮಜೂರಿ ಮಾತ್ರ ಬರುತ್ತದೆ. 2025ರ ಜುಲೈಯಲ್ಲಿ ಯುಪಿಐ ಜಮೆಗಳನ್ನು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟದ್ದು ನೆನಪಿರಲಿ: ಮನೆಯವರ ಹಣ, ಗಿರಾಕಿಗಳ ಹಣ ಒಂದೇ ಖಾತೆಗೆ ಬಂದರೆ ಬಿಡಿಸಿ ತೋರಿಸುವುದು ನಿಮಗೇ ಕಷ್ಟ. 50 ಲಕ್ಷದವರೆಗೆ ಶೇ 6ರ ಸರಳ ತೆರಿಗೆಯ ದಾರಿಯೊಂದಿದೆ, ಆದರೆ ಅದನ್ನು ಹಿಡಿದವರು ಹೊರರಾಜ್ಯದ ಕೆಲಸ ಮಾಡುವಂತಿಲ್ಲ. ನೋಂದಣಿ ಇಲ್ಲದವರು ಬಿಲ್ಲಿನಲ್ಲಿ ಜಿಎಸ್‌ಟಿ ವಸೂಲಿ ಮಾಡುವುದೂ ತಪ್ಪು.

ಉದ್ರಿಯದು ಇನ್ನೊಂದು ಕತೆ. ‘ಕಾರ್ಖಾನೆ ಬಿಲ್ ಬರಲಿ, ಕೊಡ್ತೀನಿ’ ಎಂಬ ಮಾತಿಗೆ ಕಾನೂನಿನ ಗಡುವು ಕೆಲಸ ಮುಗಿದ ದಿನದಿಂದ ಮೂರು ವರ್ಷ. ಆಮೇಲೆ ದಾವೆ ನಿಲ್ಲುವುದಿಲ್ಲ. ಗಡುವಿನೊಳಗೆ ಗಿರಾಕಿ ‘ಇಷ್ಟು ಬಾಕಿ ಇದೆ’ ಎಂದು ಬರೆದು ಸಹಿ ಮಾಡಿದರೆ, ಆ ದಿನದಿಂದ ಹೊಸ ಮೂರು ವರ್ಷ. ವಹಿಯಲ್ಲಿ ನೀವೊಬ್ಬರೇ ಬರೆದಿಟ್ಟರೆ ಸಾಲದು, ಕೆಳಗೆ ಅವರ ಸಹಿ ಬೇಕು. ಬಾಕಿದಾರ ಶಾಲೆಯೋ ಸಂಸ್ಥೆಯೋ ಆಗಿದ್ದರೆ ಉದ್ಯಮ್ ನೋಂದಣಿ ನೆರವಿಗೆ ಬರುತ್ತದೆ. ಅದಕ್ಕೆ ಸರ್ಕಾರದ ಶುಲ್ಕವಿಲ್ಲ, ಆಧಾರ್ ಮತ್ತು ಪ್ಯಾನ್ ಬೇಕು. ಕೆಲಸಕ್ಕೆ ಮೊದಲೇ ನೋಂದಾಯಿಸಿದ್ದರೆ ಹಣ ಹೆಚ್ಚೆಂದರೆ 45 ದಿನದಲ್ಲಿ ಬರಬೇಕು, ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳಬಹುದು. ಸಾಮಾನು ಸಮೇತದ ಗುತ್ತಿಗೆಗೆ ಇದು ಅನ್ವಯಿಸುತ್ತದೆಯೇ ಎಂಬ ತಕರಾರು ಕೋರ್ಟುಗಳಲ್ಲಿದೆ, ಹಾಗಾಗಿ ದುರಸ್ತಿ ಮಜೂರಿಯ ಬಿಲ್ ಬೇರೆ ಇರಲಿ.

ಗಿರಾಕಿಗೂ ಹಕ್ಕಿದೆ. ಕೆಲಸ ಕೆಟ್ಟರೆ ಎರಡು ವರ್ಷದೊಳಗೆ ಗ್ರಾಹಕ ಆಯೋಗಕ್ಕೆ ಹೋಗಬಹುದು. 2019ರ ಕಾಯ್ದೆಯ ಪ್ರಕಾರ ಗಿರಾಕಿ ತಾನಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಅಂದರೆ ಮಿರಜಿನ ಕೆಲಸಕ್ಕೆ ನೀವು ಸಾಂಗ್ಲಿಗೆ ಅಲೆಯಬೇಕಾದೀತು. ಎಸ್ಟಿಮೇಟ್ ಚೀಟಿಯಲ್ಲಿ ಸಾಮಾನು ಯಾರದು, ಯಾವ ಕಂಪನಿಯದು, ಗ್ಯಾರಂಟಿ ಎಷ್ಟು ತಿಂಗಳು ಎಂಬುದನ್ನು ಬರೆದು ಇಬ್ಬರೂ ಸಹಿ ಮಾಡಿ.

ಅಂಗಡಿ ಹಾಕುವುದಾದರೆ ನಗರಸಭೆ, ಪುರಸಭೆ ಅಥವಾ ಪಂಚಾಯಿತಿಯ ಪರವಾನಗಿ ಬೇಕು. ನಾಮಫಲಕದಲ್ಲಿ ಶೇ 60 ಭಾಗ ಕನ್ನಡ, ಅದೂ ಮೇಲ್ಭಾಗದಲ್ಲಿ ಇರಬೇಕು. ಉಳಿದ ಜಾಗದಲ್ಲಿ ಮರಾಠಿ ಬರೆಸಲು ಅಡ್ಡಿಯಿಲ್ಲ. ಬಡಗಿ, ಗವಂಡಿಗಳಿಗೆ ಪಿಎಂ ವಿಶ್ವಕರ್ಮದಲ್ಲಿ 15,000 ರೂಪಾಯಿಯ ಉಪಕರಣ ನೆರವು, ಶೇ 5ರ ಬಡ್ಡಿಗೆ ಸಾಲ ಇದೆ. ವೈರಿಂಗ್, ಪ್ಲಂಬಿಂಗ್ ಅದರ 18 ಕಸುಬುಗಳಲ್ಲಿ ಇಲ್ಲ, ಯಾಕೆ ಬಿಟ್ಟರೋ!

ಬಾಕಿ ವಸೂಲಿಗೆ ನೇರ ದಾವೆಗಿಂತ ಮೊದಲು ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಟ್ಟು ಲೋಕ ಅದಾಲತ್‌ನಲ್ಲಿ ಯತ್ನಿಸಬಹುದು. ಅಲ್ಲಿ ಕೋರ್ಟ್ ಶುಲ್ಕವಿಲ್ಲ, ರಾಜಿಯಾದರೆ ಅದು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ. ವಿಚಾರಿಸಲು 15100ಕ್ಕೆ ಫೋನ್ ಮಾಡಿ. ಹೋಗುವಾಗ ಸಹಿಯಿರುವ ಎಸ್ಟಿಮೇಟ್, ಉದ್ರಿ ವಹಿ ಜೊತೆಗಿರಲಿ.