ನೆಲನೆಲ್ಲಿಗೆ ಮೊದಲು ರಕ್ತ ಪರೀಕ್ಷೆ

ಮುಂಗಾರು ಹಿಡಿದು ತಿಂಗಳಾಗುವಷ್ಟರಲ್ಲಿ ನಮ್ಮ ಅಡಿಕೆ ತೋಟದ ಕಾಲುದಾರಿಯುದ್ದಕ್ಕೂ ನೆಲನೆಲ್ಲಿ ಏಳುತ್ತದೆ. ಕಾಮಾಲೆಯವರು ಮನೆಗೆ ಬರತೊಡಗುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಅಮ್ಮ ಈ ಮದ್ದನ್ನು ತನ್ನ ಅತ್ತೆಯಿಂದ ಕಲಿತವಳು. ಬೇರು ಸಮೇತ ಕಿತ್ತ ಗಿಡ ತೊಳೆದು, ಚೂರು ಜೀರಿಗೆ ಹಾಕಿ ಅರೆದು, ಮಜ್ಜಿಗೆಯಲ್ಲಿ ಕದಡಿ ಬೆಳಿಗ್ಗೆ ಬರಿಹೊಟ್ಟೆಗೆ ಕೊಡುವುದು. ದುಡ್ಡು ಮುಟ್ಟುವ ಪದ್ಧತಿ ಇಲ್ಲ. ಅವಳ ಕೈ ನಡುಗತೊಡಗಿದ ಮೇಲೆ ಅರೆಯುವ ಕೆಲಸ ನನಗೆ ಬಂತು.

ಮೊದಲು ಗಿಡದ ಗುರುತು. ಗೇಣುದ್ದದ ಗಿಡ, ಹೆಚ್ಚೆಂದರೆ ಮೊಳ. ಟೊಂಗೆಯೊಂದನ್ನು ಮಗುಚಿ ನೋಡಿದರೆ ಎಲೆಗಳ ಅಡಿಯಲ್ಲಿ ಸಾಸಿವೆ ಗಾತ್ರದ ಹಸಿರು ಕಾಯಿಗಳು ಸಾಲಾಗಿ, ಪುಟ್ಟ ತೊಟ್ಟಿನಿಂದ ಜೋತುಬಿದ್ದಿರುತ್ತವೆ. ಸಂಜೆಯಾದರೆ ಎಲೆ ಮಡಚಿಕೊಳ್ಳುತ್ತದೆ. ಪಕ್ಕದಲ್ಲೇ ಬೆಳೆಯುವ ಕೆಂಪು ನೆಲನೆಲ್ಲಿಯ ದಂಟು ಕೆಂಪಗೆ, ಕಾಯಿಗೆ ತೊಟ್ಟೇ ಇಲ್ಲ, ಮೈ ತರಿತರಿ. ದಂಟು ಮುರಿದಾಗ ಬಿಳಿ ಹಾಲು ಒಸರಿದರೆ ಅದು ಬೇರೆಯೇ ಜಾತಿ, ಎಸೆದುಬಿಡಿ. ಗಿಡ ಸರಿಯಿದ್ದರೂ ಜಾಗ ಸರಿಯಿರಬೇಕು. ಈಗ ತೋಟಕ್ಕೆ ಕಳೆನಾಶಕ ಹೊಡೆಯದವರು ಕಡಿಮೆ, ರಸ್ತೆ ಬದಿಯ ಚರಂಡಿ ನೀರಿನ ಕಥೆ ಹೇಳುವುದೇ ಬೇಡ. ಮದ್ದಿಗೆಂದೇ ನಾನು ಹಿತ್ತಲಲ್ಲಿ ಒಂದು ಪಾತಿ ಬಿಟ್ಟಿದ್ದೇನೆ.

ಆದರೆ ಗಿಡಕ್ಕಿಂತ ಹೆಚ್ಚು ಅಪಾಯ ಇರುವುದು ಕಾಯಿಲೆಯ ಗುರುತಿನಲ್ಲಿ. ಕಣ್ಣು ಹಳದಿಯಾಗುವುದು ಒಂದು ಲಕ್ಷಣ, ಅದರ ಹಿಂದೆ ಹತ್ತು ಕಾಯಿಲೆ ಇರಬಹುದು. ಕೊಳಕು ನೀರಿನಿಂದ ಬರುವ ಹೆಪಟೈಟಿಸ್ ಎ ಮತ್ತು ಇ ಬಹುತೇಕರಲ್ಲಿ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತವೆ. ನಮ್ಮ ಮನೆಯ ಮದ್ದಿಗೆ ಬಂದ ಹೆಸರಿನಲ್ಲಿ ದೊಡ್ಡ ಪಾಲು ಇವುಗಳದ್ದೇ ಎಂದು ನನ್ನ ಅನಿಸಿಕೆ. ಅಮ್ಮ ಇದನ್ನು ಒಪ್ಪುವುದಿಲ್ಲ.

ಒಪ್ಪದಿದ್ದರೂ ಅವಳ ಕಣ್ಣು ಸೂಕ್ಷ್ಮ. ಒಂದು ಮಳೆಗಾಲ ಗದ್ದೆ ಕೆಲಸದವನೊಬ್ಬ ಬಂದು ಜಗಲಿಯಲ್ಲಿ ಕೂತ. ಕಣ್ಣು ಹಳದಿ, ಜೊತೆಗೆ ಕೆಂಪು. ಮೈ ಸುಡುವ ಜ್ವರ. ಮೀನಖಂಡ ಮುಟ್ಟಿದರೆ ಚೀರುತ್ತಿದ್ದ. ನಾನು ಗಿಡ ಕೀಳಲು ಎದ್ದರೆ ಅಮ್ಮ ತಡೆದು, "ಇದು ನಮ್ಮ ಮದ್ದಿನದ್ದಲ್ಲ ಮಾರಾಯ, ಜೀಪು ತರಿಸು" ಎಂದಳು. ಆಸ್ಪತ್ರೆಯಲ್ಲಿ ಗೊತ್ತಾದದ್ದು ಇಲಿಜ್ವರ. ಇಲಿಯ ಉಚ್ಚೆ ಸೇರಿದ ಕೆಸರು ನೀರಿನಿಂದ, ಕಾಲಿನ ಗಾಯದ ಮೂಲಕ ಹತ್ತುವ ಬ್ಯಾಕ್ಟೀರಿಯಾ ಅದು. ಬೇಗ ಆಂಟಿಬಯಾಟಿಕ್ ಸಿಕ್ಕರೆ ಬದುಕು, ತಡವಾದರೆ ಕಿಡ್ನಿಗೆ ಬೀಳುತ್ತದೆ. ಅವನು ಉಳಿದ. ಮೂರು ದಿನ ಮಜ್ಜಿಗೆ ಕುಡಿಸಿ ಕಾದಿದ್ದರೆ?

ಅಂದಿನಿಂದ ನಮ್ಮಲ್ಲಿ ರಕ್ತ ಪರೀಕ್ಷೆಯ ಚೀಟಿ ತಂದವರಿಗಷ್ಟೇ ಮದ್ದು. ಚೀಟಿಯಲ್ಲಿ ಹೆಪಟೈಟಿಸ್ ಬಿ ಎಂದಿದ್ದರೆ ತಜ್ಞರ ಹತ್ತಿರವೇ ಕಳಿಸುತ್ತೇನೆ. ಇದಕ್ಕೆ ಕೆಲವರು ತಕರಾರು ತೆಗೆಯುವುದುಂಟು, ನೆಲನೆಲ್ಲಿ ಬಿ ವೈರಸ್ಸನ್ನೇ ಓಡಿಸುತ್ತದಂತಲ್ಲ ಎಂದು. ಆ ಮಾತಿಗೆ ಮೂಲವಿದೆ. 1988ರಲ್ಲಿ ಮದ್ರಾಸಿನ ಸಂಶೋಧಕರ ಅಧ್ಯಯನವೊಂದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ತಿಂಗಳ ಕಾಲ ನೆಲನೆಲ್ಲಿ ತೆಗೆದುಕೊಂಡ 37 ಮಂದಿಯಲ್ಲಿ 22 ಜನರ ರಕ್ತದಲ್ಲಿ ವೈರಸ್ಸಿನ ಗುರುತು ಮಾಯವಾಗಿತ್ತು. ಹುಸಿ ಮದ್ದು ತೆಗೆದುಕೊಂಡ 23 ಮಂದಿಯಲ್ಲಿ ಒಬ್ಬರಿಗೆ ಮಾತ್ರ. ಜಗತ್ತೇ ತಿರುಗಿ ನೋಡಿತು. ಬೇರೆ ಕಡೆ ಮಾಡಿ ನೋಡಿದಾಗ ಆ ಫಲ ಸಿಗಲಿಲ್ಲ. ಅಷ್ಟೂ ಪ್ರಯೋಗಗಳನ್ನು ತೂಗಿನೋಡಿದ 2011ರ ಕಾಕ್ರೇನ್ ವಿಮರ್ಶೆ, ನಂಬುವಷ್ಟು ಪುರಾವೆ ಇಲ್ಲ ಎಂದಿತು. ಬಿ ತಡೆಯಲು ಲಸಿಕೆ ಇದೆ, ಹತ್ತಿದ ಮೇಲೆ ಹತೋಟಿಯಲ್ಲಿಡಲು ಮಾತ್ರೆಯೂ ಇದೆ.

ಪಥ್ಯದ ವಿಷಯಕ್ಕೆ ಅಮ್ಮನ ಜೊತೆ ಜಗಳವೇ ಆಗಿದೆ. ಉಪ್ಪಿಲ್ಲದ ಗಂಜಿ, ಎಣ್ಣೆ ಸೋಕಿಸಬಾರದು, ಹಾಲು ಬೇಡ, ಬೇಳೆ ಬೇಡ. ವಾಂತಿಯಾಗಿ ಸೊರಗಿದವರಿಗೆ ಹೀಗೆ ತಿಂಗಳು ನಡೆಸಿದರೆ ಕಾಯಿಲೆಗಿಂತ ಪಥ್ಯವೇ ನೆಲಕ್ಕೆ ಕೆಡವುತ್ತದೆ. ಲಿವರ್ ಸುಧಾರಿಸಿಕೊಳ್ಳಲು ಅನ್ನ, ಬೇಳೆ, ಮೊಸರು, ಹಣ್ಣು ಎಲ್ಲ ಬೇಕು. ಬಿಡಬೇಕಾದದ್ದು ಹೆಂಡ, ಮತ್ತು ವೈದ್ಯರು ಹೇಳದ ಮಾತ್ರೆ. ಈಗ ಅವಳು ಉಪ್ಪಿಗೆ, ಮೊಸರಿಗೆ ಒಪ್ಪಿದ್ದಾಳೆ. ಬೇಳೆಯ ಮಾತುಕತೆ ಇನ್ನೂ ನಡೆದಿದೆ.

ಅಡುಗೆಯಲ್ಲಿ ನೆಲನೆಲ್ಲಿಗೆ ಈ ತಕರಾರೊಂದೂ ಇಲ್ಲ. ಒಂದು ಹಿಡಿ ಎಳೆಸೊಪ್ಪನ್ನು ತುಪ್ಪದಲ್ಲಿ ಬಾಡಿಸಿ, ಜೀರಿಗೆ, ಕಾಳುಮೆಣಸು, ತೆಂಗಿನತುರಿ ಸೇರಿಸಿ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ಕಹಿ ತಂಬುಳಿ. ಬಿಸಿ ಅನ್ನಕ್ಕೆ ಬಲು ರುಚಿ. ಹಾಗೆಂದು ಇಡೀ ಗಿಡದ ರಸವನ್ನು ಲೋಟಗಟ್ಟಲೆ ತಿಂಗಳಾನುಗಟ್ಟಲೆ ಕುಡಿಯುವುದು ಬೇರೆ ಮಾತು. ಇದು ಮೂತ್ರ ಹೆಚ್ಚಿಸುವ ಗಿಡ, ಸಕ್ಕರೆಯನ್ನೂ ಇಳಿಸಬಹುದು. ಸಕ್ಕರೆ ಕಾಯಿಲೆಗೋ ಬಿಪಿಗೋ ಮಾತ್ರೆ ನುಂಗುವವರು ವೈದ್ಯರಿಗೆ ಹೇಳದೆ ಶುರುಮಾಡಬಾರದು.

ಗರ್ಭಿಣಿಯರ ವಿಷಯದಲ್ಲಂತೂ ನಾನು ಯಾರ ಮಾತನ್ನೂ ಕೇಳುವುದಿಲ್ಲ. ಹೆಪಟೈಟಿಸ್ ಇ ಉಳಿದವರಲ್ಲಿ ಸಾಮಾನ್ಯವಾಗಿ ಬಂದು ಹೋಗುವಂಥದ್ದು. ತುಂಬು ಬಸುರಿಯ ಜೀವವನ್ನೇ ತೆಗೆಯಬಲ್ಲದು. ಬಸುರಿಯ ಕಣ್ಣು ಹಳದಿಯಾದರೆ ನಮ್ಮ ಮನೆಯ ದಾರಿ ಹಿಡಿಯಬೇಡಿ, ಆ ಹೊತ್ತಿಗೇ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಿರಿ.