ಶಾಲೆಯ ದಿನಚರಿಯಲ್ಲಿ ಶೀಲಸಂವರ್ಧನೆ

ಶೀಲವೆಂಬುದು ವೇಳಾಪಟ್ಟಿಯಲ್ಲಿ ವಾರಕ್ಕೊಂದು ಅವಧಿಯನ್ನು ಮೀಸಲಿಟ್ಟ ಮಾತ್ರದಿಂದ ಮಕ್ಕಳಲ್ಲಿ ನೆಲೆಗೊಳ್ಳತಕ್ಕ ವಸ್ತುವಲ್ಲ. ನೀತಿಕಥೆಯನ್ನು ಕೇಳಿ ಪ್ರಶ್ನೆಗೆ ಸರಿಯುತ್ತರವನ್ನು ಬರೆದ ಹುಡುಗನು, ಅದೇ ಮಧ್ಯಾಹ್ನ ನಲ್ಲಿಯ ಬಳಿ ತನಗಿಂತ ಚಿಕ್ಕವನನ್ನು ನೂಕಿ ತಾನು ಮೊದಲು ತಟ್ಟೆ ತೊಳೆದುಕೊಂಡನಾದರೆ, ಆ ನೀತಿಯು ಅವನ ನಡತೆಗೆ ಇಳಿಯಲಿಲ್ಲವೆಂದೇ ತಿಳಿಯಬೇಕು. ಆದಕಾರಣ, ತುಂಗಭದ್ರೆಯ ಕಾಲುವೆಯ ನೀರಿನಿಂದ ಭತ್ತ, ಹತ್ತಿ, ಮೆಣಸಿನಕಾಯಿಗಳನ್ನು ಬೆಳೆಯುವ ಬಳ್ಳಾರಿ ಜಿಲ್ಲೆಯ ಕುರುಗೋಡು ಸೀಮೆಯ ಶಾಲೆಗಳು, ಅಂಗನವಾಡಿಯ ಕೂಸಿನಿಂದ ಪಿಯು ತರಗತಿಯ ತರುಣರವರೆಗೆ, ಶೀಲವನ್ನು ಬೆಳೆಸುವ ಕಾರ್ಯವನ್ನು ದಿನಚರಿಯಲ್ಲಿಯೇ ಅಳವಡಿಸಿಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಿದೆ.

ಮೊದಲ ಹೆಜ್ಜೆಯು ಶಾಲಾರಂಭಕ್ಕೆ ಮುಂಚಿನದು. ಮೇ ತಿಂಗಳ ಕೊನೆಯ ವಾರದಲ್ಲಿ ಮುಖ್ಯೋಪಾಧ್ಯಾಯರು, ಶಿಕ್ಷಕರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಮತ್ತು ಅಡುಗೆಯವರು (ಮಕ್ಕಳ ಸ್ವಭಾವವನ್ನು ಹಸಿವಿನ ಹೊತ್ತಿನಲ್ಲಿ ಕಾಣುವವರು ಇವರೇ ಆದ್ದರಿಂದ ಇವರನ್ನು ಮರೆಯಲಾಗದು) ಒಂದೆಡೆ ಕುಳಿತು, ಆ ವರ್ಷಕ್ಕೆ ಎರಡು ಮೂರು ಗುಣಗಳನ್ನಷ್ಟೇ ಆರಿಸಿಕೊಳ್ಳಲಿ. ಅವನ್ನು ಕಣ್ಣಿಗೆ ಕಾಣುವ ಕ್ರಿಯೆಗಳಾಗಿ ಬರೆದಿಡಲಿ: ಸಿಕ್ಕ ಪೆನ್ನನ್ನು ಆಫೀಸಿಗೆ ತಂದುಕೊಡುವುದು, ಸರದಿ ಕಾಯುವುದು, ಗೈರಾದವರಿಗೆ ಪಾಠ ಹೇಳಿಕೊಡುವುದು. ಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ಶಾಲೆಗಳಲ್ಲಿ ಧಾರ್ಮಿಕ ಬೋಧನೆ ಸಲ್ಲದೆಂದು ಸಂವಿಧಾನದ 28ನೆಯ ವಿಧಿಯು ಹೇಳುವುದರಿಂದ, ಈ ಆಯ್ಕೆಯು ಎಲ್ಲ ಮತದ ಮನೆಗಳವರೂ ಒಪ್ಪತಕ್ಕುದಾಗಿರಬೇಕು.

ಎರಡನೆಯದು ಬಿಸಿಯೂಟ, ನನ್ನ ದೃಷ್ಟಿಯಲ್ಲಿ ಇದಕ್ಕೆ ಸಮನಾದ ಶೀಲಶಾಲೆ ಮತ್ತೊಂದಿಲ್ಲ. 2002ರ ಜೂನ್‌ನಲ್ಲಿ ಅಕ್ಷರ ದಾಸೋಹವೆಂಬ ಈ ಬಿಸಿಯೂಟದ ಯೋಜನೆಯು ಮೊದಲು ಆರಂಭಗೊಂಡ ಏಳು ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದಾದುದರಿಂದ, ಈ ಪಂಕ್ತಿಯಲ್ಲಿ ಉಂಡು ಬೆಳೆದವರೇ ಈಗ ತಂದೆತಾಯಿಗಳಾಗಿ ತಮ್ಮ ಮಕ್ಕಳನ್ನು ಅದೇ ಶಾಲೆಗಳಿಗೆ ಕಳುಹಿಸುತ್ತಿದ್ದಾರೆ. ಪಂಕ್ತಿಯಲ್ಲಿ ಮಕ್ಕಳು ಜಾತಿಯಿಂದಾಗಲಿ, ಓಣಿಯಿಂದಾಗಲಿ ಗುಂಪುಗೂಡದಂತೆ ವಾರಕ್ಕೊಮ್ಮೆ ಕೂಡುವ ಸ್ಥಾನಗಳನ್ನು ಬದಲಿಸಬೇಕು; ಚಿಕ್ಕವರಿಗೆ ಮೊದಲು ಬಡಿಸಬೇಕು; ತಟ್ಟೆ ಹಂಚುವುದನ್ನೂ ನೀರು ಕೊಡುವುದನ್ನೂ ಏಳು ಎಂಟನೆಯ ತರಗತಿಯವರು ಸರದಿಯಂತೆ ವಹಿಸಿಕೊಳ್ಳಬೇಕು. ಕುದಿಯುವ ಸಾಂಬಾರಿನ ಪಾತ್ರೆಯನ್ನು ಮಾತ್ರ ಯಾವ ಮಗುವಿನ ಕೈಗೂ ಕೊಡಬಾರದು. ಅಡುಗೆಯ ರುಚಿ ನೋಡಿದ ಶಿಕ್ಷಕರು ಅಷ್ಟಕ್ಕೇ ಎದ್ದುಹೋಗದೆ ಅದೇ ಸಾಲಿನಲ್ಲಿ ಕುಳಿತು ಉಣ್ಣುವುದಾದರೆ, ಸಮಾನತೆಯನ್ನು ಕುರಿತು ಬೇರೆ ಉಪನ್ಯಾಸವು ಬೇಕಾಗದು.

ಮೂರನೆಯದಾಗಿ, ಹೊಣೆಯು ವಯಸ್ಸಿನೊಡನೆ ಬೆಳೆಯಬೇಕು. ಅಂಗನವಾಡಿಯ ಮಕ್ಕಳು ಆಟಿಕೆಗಳನ್ನೂ, ನಲಿಕಲಿಯ (ಒಂದರಿಂದ ಮೂರನೆಯ ತರಗತಿಯ) ಮಕ್ಕಳು ಕಲಿಕೆಯ ಕಾರ್ಡುಗಳನ್ನೂ ಇದ್ದಲ್ಲಿಗೇ ಮರಳಿಸುವುದು ಸಾಕು. ನಾಲ್ಕು ಐದನೆಯವರಿಗೆ ತಲಾ ಒಂದು ಗಿಡ. ಆರರಿಂದ ಎಂಟರವರೆಗಿನ ಶಾಲಾ ಸಂಸತ್ತಿಗೆ ಹೆಸರಿನ ಮಂತ್ರಿಪದವಿಗಳನ್ನು ಹಂಚಿ ಸುಮ್ಮನಾಗದೆ, ಆಟದ ಸಾಮಾನಿನ ಬೀಗದ ಕೈಯನ್ನೂ ಲೆಕ್ಕದ ಪುಸ್ತಕವನ್ನೂ ಒಪ್ಪಿಸಬೇಕು. ಕಳೆದ ಚೆಂಡಿಗೆ ಅವರೇ ಸಭೆಯಲ್ಲಿ ಉತ್ತರ ಹೇಳಲಿ. ಪ್ರೌಢಶಾಲೆಯವರೂ ಪಿಯುನವರೂ ಗ್ರಾಮ ಪಂಚಾಯಿತಿಯ ಮಕ್ಕಳ ಗ್ರಾಮಸಭೆಗೆ ಶಾಲೆಯ ನೀರು, ಶೌಚಾಲಯ, ರಸ್ತೆಗಳ ಸ್ಥಿತಿಯನ್ನು ತಾವೇ ನೋಡಿ ಬರೆದ ಬೇಡಿಕೆಯನ್ನು ಒಯ್ಯಲಿ; ಕುರುಗೋಡಿನ ದೊಡ್ಡಬಸವೇಶ್ವರನ ರಥೋತ್ಸವದ ಮರುದಿನ ಇಷ್ಟವುಳ್ಳವರು ಶಾಲೆಯ ಸುತ್ತಣ ಕಸವನ್ನು ತೆಗೆಯಲಿ.

ನಾಲ್ಕನೆಯದು ನಮ್ಮ ಸೀಮೆಗೇ ವಿಶೇಷವಾದದ್ದು. ಹತ್ತಿ ಬಿಡಿಸುವ, ಮೆಣಸಿನಕಾಯಿ ಬಿಡಿಸುವ ಕಾಲದಲ್ಲಿ ಬಡವರ ಮಕ್ಕಳು ಹೊಲಕ್ಕೆ ಹೋಗಿ ಗೈರಾಗುತ್ತಾರೆ. ಇದನ್ನು ಒಪ್ಪಿಕೊಳ್ಳಲಾಗದು, ಶಿಕ್ಷಕರೂ ಎಸ್‌ಡಿಎಂಸಿಯವರೂ ಮನೆಗೆ ಹೋಗಿ ತಾಯಿತಂದೆಗಳೊಡನೆ ಮಾತಾಡಿ ಮಗುವನ್ನು ಕರೆತರತಕ್ಕದ್ದು. ಆದರೆ ಮರಳಿ ಬಂದ ಮಗುವನ್ನು ಎಲ್ಲರೆದುರು ‘ಇಷ್ಟು ದಿನ ಎಲ್ಲಿ ಹೋಗಿದ್ದಿ?’ ಎಂದು ಗದರಿಸಿದರೆ, ಅದು ಮರುದಿನವೇ ಬಾರದೆ ಉಳಿದೀತು. ಪ್ರತಿಯೊಬ್ಬರಿಗೂ ಒಬ್ಬ ಜೊತೆಗಾರನನ್ನು ಜೂನ್‌ನಲ್ಲಿಯೇ ಗೊತ್ತುಮಾಡಿ, ಗೈರಾದವರ ಪಾಠಗಳನ್ನು ಬರೆದಿಟ್ಟು ಬಂದೊಡನೆ ತೋರಿಸುವ ಹೊಣೆಯನ್ನು ಅವನಿಗೆ ವಹಿಸಬೇಕು. ಪರಸ್ಪರ ಸಹಾಯವೆಂಬುದು ಆ ಜೊತೆಗಾರನಿಗೆ ಇಲ್ಲಿ ದಿನನಿತ್ಯದ ಕೆಲಸವಾಗುತ್ತದೆ.

ತಪ್ಪುಗಳು ನಡೆದೇ ನಡೆಯುತ್ತವೆ. ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಆದ್ದರಿಂದ ಮಗುವನ್ನು ಪ್ರತ್ಯೇಕವಾಗಿ ಕರೆದು ಏನು ನಡೆಯಿತೆಂದು ಪೂರ್ಣವಾಗಿ ಕೇಳಿ, ನೊಂದವರಿಗೆ ಆದ ಹಾನಿಯನ್ನು ಹೇಗೆ ಸರಿಪಡಿಸುವೆಯೆಂದು ಅವನಿಂದಲೇ ಹೇಳಿಸಬೇಕು: ಹರಿದ ಪುಸ್ತಕಕ್ಕೆ ಅಂಟು ಹಚ್ಚುವುದು, ಆಡಿದ ಬಿರುನುಡಿಗೆ ಕ್ಷಮೆ ಕೇಳುವುದು. ನಿಜವನ್ನು ಒಪ್ಪಿಕೊಂಡವನಿಗೆ ಸುಳ್ಳಾಡಿದವನಿಗಿಂತ ಹೆಚ್ಚಿನ ಕಷ್ಟವಾದರೆ, ಆ ತರಗತಿಯಲ್ಲಿ ಮತ್ತಾರೂ ನಿಜವನ್ನು ಹೇಳರು.

ಕೊನೆಯದಾಗಿ, ಈ ಯಾವುದಕ್ಕೂ ಅಂಕಗಳನ್ನಾಗಲಿ ಬಹುಮಾನವನ್ನಾಗಲಿ ಇಡತಕ್ಕದ್ದಲ್ಲ. ಬಹುಮಾನಕ್ಕಾಗಿ ಸಹಾಯ ಮಾಡಿದವನು ಬಹುಮಾನ ನಿಂತೊಡನೆ ಸಹಾಯವನ್ನೂ ನಿಲ್ಲಿಸುವನು. ತರಗತಿಯ ಶಿಕ್ಷಕರು ಒಂದು ನೋಟುಬುಕ್ಕಿನಲ್ಲಿ ಪ್ರತಿ ಮಗುವಿನ ಬಗೆಗೆ ತಿಂಗಳಿಗೊಂದೆರಡು ಸಾಲುಗಳಂತೆ ತಾವು ಕಂಡುದನ್ನು ಮಾತ್ರ ಬರೆದು, ಅದನ್ನು ಏಪ್ರಿಲ್‌ನಲ್ಲಿ ಮುಂದಿನ ತರಗತಿಯ ಶಿಕ್ಷಕರಿಗೆ ಒಪ್ಪಿಸಲಿ.